ಕಾಗಕ್ಕ ಗುಬ್ಬಕ್ಕನ ಜೊತೆ ನಿಂತ ಎಲ್ಲರಿಗೂ

ಕಳೆದ ವಾರ ನಮ್ಮ ಶಾಲೆಯ ವಾರ್ಷಿಕೋತ್ಸವ ಆಯಿತು. ನಮ್ಮದು ಪಾವಗಡ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳೆಲ್ಲ ಸೇರಿ 'ಕಾಗಕ್ಕ ಗುಬ್ಬಕ್ಕ'ನ ಕಥೆಯನ್ನು ನಾಟಕ ಮಾಡಿ ಆಡಿದರು. ಒಂದು ಮಗುವೂ ಹೊರಗೆ ಉಳಿಯಲಿಲ್ಲ. ಮುಗಿದ ಮೇಲೆ ತುಂಬಾ ಜನ ನನ್ನ ಹತ್ತಿರ ಬಂದು 'ಚೆನ್ನಾಗಿ ಕಲಿಸಿದ್ದೀರ ಮಿಸ್' ಅಂದರು. ಆ ಮೆಚ್ಚುಗೆ ಯಾರ್ಯಾರಿಗೆ ಸೇರಬೇಕೋ ಅವರಿಗೆ ಮುಟ್ಟಿಸಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಅಜ್ಜಿಯರಿಗೆ. ಮಕ್ಕಳಿಗೆ ನಾನು ಕಥೆ ಹೇಳಲೇ ಇಲ್ಲ. 'ಮನೆಗೆ ಹೋಗಿ ಕಾಗಕ್ಕ ಗುಬ್ಬಕ್ಕನ ಕಥೆ ಕೇಳಿಕೊಂಡು ಬನ್ನಿ' ಅಂತ ಕಳಿಸಿದೆ. ಮರುದಿನ ಮನೆಗೊಂದು ಕಥೆ ಬಂತು. ಗುಬ್ಬಕ್ಕನದು ಕಲ್ಲಿನ ಮನೆ, ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಹೋಯಿತು ಅನ್ನುವುದರಲ್ಲಿ ಎಲ್ಲರೂ ಒಂದೇ. ಆದರೆ ಕಾಗಕ್ಕನ ಮನೆ ಒಬ್ಬರ ಮನೆಯಲ್ಲಿ ಸಗಣಿಯದು, ಇನ್ನೊಬ್ಬರ ಮನೆಯಲ್ಲಿ ಮಣ್ಣಿನದು. ಒಬ್ಬ ಅಜ್ಜಿಯ ಕಥೆಯಲ್ಲಿ ಒಳಗೆ ಬಂದ ಕಾಗಕ್ಕ ಕತ್ತಲಲ್ಲಿ ಕಟುಂ ಕಟುಂ ಅಂತ ಕಡ್ಲೆಕಾಯಿ ತಿಂದು ಮುಗಿಸುತ್ತಾಳೆ. ಇನ್ನೊಬ್ಬರ ಕಥೆಯಲ್ಲಿ ಗುಬ್ಬಕ್ಕ ಸೌಟು ಕಾಯಿಸಿ ಬರೆ ಎಳೆಯುತ್ತಾಳೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಆ ಮನೆಗಳಿಂದ ಕಥೆ ತೆಲುಗಿನಲ್ಲೇ ಬಂತು. ಎಲ್ಲವನ್ನೂ ಕೇಳಿಸಿಕೊಳ್ಳುವುದಕ್ಕೇ ವಾರ ಹಿಡಿಯಿತು. ಆ ವಾರ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕಲಿಯುವ ನಮ್ಮ ನಲಿ-ಕಲಿ ಕೋಣೆಯಲ್ಲಿ, ಒಂದು ಮಗುವನ್ನು ಬಿಟ್ಟರೆ, ಬಾಯಿ ಬಿಡದ ಮಗುವೇ ಇರಲಿಲ್ಲ.

ಚಿಕ್ಕ ಮಕ್ಕಳ ನಾಟಕಕ್ಕೆ ಗೊತ್ತಿರುವ ಕಥೆಯೇ ಯಾಕೆ ಬೇಕು ಅನ್ನುವುದು ನನಗೆ ಅರ್ಥವಾಗಿದ್ದು ಇಲ್ಲೇ. ಆರು ವರ್ಷದ ಮಗುವಿಗೆ ಮಾತು ಬಾಯಿಪಾಠ ಮಾಡಿಸಿದರೆ ಅದರ ಗಮನವೆಲ್ಲ ಮಾತು ಮರೆಯಬಾರದು ಅನ್ನುವುದರಲ್ಲೇ ಇರುತ್ತದೆ. ಕೈ ಕಾಲು ಬಿಗಿಯುತ್ತದೆ, ಕಣ್ಣು ಮಿಸ್ ಕಡೆ ನೋಡುತ್ತದೆ. ಮುಂದೇನಾಗುತ್ತದೆ ಅಂತ ಗೊತ್ತಿರುವ ಮಗು ಹಾಗಲ್ಲ. ಒಂದು ಮಾತು ತಪ್ಪಿದರೆ ತನ್ನದೇ ಇನ್ನೊಂದು ಹಾಕಿಕೊಂಡು ಹೋಗುತ್ತದೆ. ಈ ಕಥೆ ಕಟ್ಟಿರುವ ರೀತಿಯೂ ಹಾಗೇ ಇದೆ. ಕಾಗಕ್ಕ ಬಂದು 'ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ' ಅನ್ನುತ್ತಾಳೆ. 'ತಡಿ, ಮಗೂಗೆ ನೀರು ಹಾಕ್ತಿದ್ದೀನಿ.' ಮತ್ತೆ ಕೂಗುತ್ತಾಳೆ. 'ತಡಿ, ಕಾಡಿಗೆ ಹಚ್ತಿದ್ದೀನಿ.' ಮತ್ತೆ. 'ತಡಿ, ತೊಟ್ಟಿಲು ತೂಗ್ತಿದ್ದೀನಿ.' ಕೂಗು ಬದಲಾಗುವುದಿಲ್ಲ, ಉತ್ತರ ಮಾತ್ರ ಹೊಸದು. ಒಂದನೇ ತರಗತಿಯವರು ಒಟ್ಟಿಗೆ ಕೂಗಬಹುದು, ಮೂರನೇ ತರಗತಿಯವರು ಉತ್ತರ ಹುಟ್ಟಿಸಬಹುದು. ಇದನ್ನು ಕಟ್ಟಿದ ಹೆಂಗಸರು ಯಾರೋ ಏನೋ, ಮಕ್ಕಳ ರಂಗಭೂಮಿ ಅವರಿಗೆ ಚೆನ್ನಾಗಿ ಗೊತ್ತಿತ್ತು ಅಂತ ನನಗೆ ನಿಜಕ್ಕೂ ಅನ್ನಿಸಿದೆ.

ಎರಡನೆಯದಾಗಿ, ಶನಿವಾರ ಶನಿವಾರ ಬಸ್ಸು ಹತ್ತಿ ಬರುತ್ತಿದ್ದ ನಮ್ಮ ರಂಗಕರ್ಮಿ ಗೆಳೆಯರಿಗೆ. ಅವರು ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತವರು. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಬಸ್ ಚಾರ್ಜು ಕೂಡ ತೆಗೆದುಕೊಳ್ಳಲಿಲ್ಲ. ಬಂದ ಮೊದಲ ದಿನವೇ 'ಸ್ಕ್ರಿಪ್ಟ್ ಬೇಡ, ಪಾತ್ರ ಹಂಚೋದೂ ಈಗ ಬೇಡ, ಮೊದಲು ಮಳೆ ಬರಲಿ' ಅಂದರು. ಮಕ್ಕಳನ್ನು ಸುತ್ತ ಕೂರಿಸಿದರು. ಅಂಗೈ ಮೇಲೆ ಒಂದು ಬೆರಳಿನಿಂದ ತಟ್ಟಿದರೆ ಹನಿ. ಎರಡು ಬೆರಳು, ಮೂರು ಬೆರಳು, ಆಮೇಲೆ ಪೂರ್ತಿ ಅಂಗೈ, ಆಮೇಲೆ ತೊಡೆ, ಕೊನೆಗೆ ಕಾಲಿನಿಂದ ನೆಲ. ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ, ಒಂದು ಬೆರಳಿಗೆ. ಮಕ್ಕಳ ನಾಟಕ ಮಾಡಿಸುವವರಿಗೆಲ್ಲ ಗೊತ್ತಿರುವ ಆಟ ಇದು. ಆದರೆ ಹೆಂಚಿನ ಕೋಣೆಯಲ್ಲಿ ಅಷ್ಟು ಮಕ್ಕಳು ಒಟ್ಟಿಗೆ ಮಾಡಿದಾಗ ಪಕ್ಕದ ಕೋಣೆಯ ಐದನೇ ತರಗತಿಯವರು ಕಿಟಕಿಗೆ ಬಂದು ಆಕಾಶ ನೋಡಿದರು!

ಆಗ ಎರಡನೇ ತರಗತಿಯ ಒಬ್ಬ ಹುಡುಗ ಎದ್ದು ನಿಂತು ಕೇಳಿದ, 'ಮಳೆ ಬಂದ್ರೆ ಒಳ್ಳೇದಲ್ವಾ ಮಿಸ್? ಕಾಗಕ್ಕ ಯಾಕೆ ಅಳ್ತಾಳೆ?' ಪಾವಗಡದ ಮಗು ಮಾತ್ರ ಕೇಳುವ ಪ್ರಶ್ನೆ. ಬರ ಕಂಡ ಊರು, ಮಳೆಗೆ ಕಾದು ಕಾದು ಕಡ್ಲೆಕಾಯಿ ಹಾಕುವ ಮನೆಗಳು. ಆ ಪ್ರಶ್ನೆಯಿಂದ ನಮ್ಮ ನಾಟಕಕ್ಕೆ ಒಂದು ಹೊಸ ಶುರು ಸಿಕ್ಕಿತು. ಮೊದಲ ಹನಿ ಬಿದ್ದಾಗ ಕಾಗಕ್ಕ, ಗುಬ್ಬಕ್ಕ ಇಬ್ಬರೂ ಸೇರಿ ಕುಣಿಯುತ್ತಾರೆ. ಮಳೆ ಜಾಸ್ತಿ ಆದಮೇಲೆ ಮಾತ್ರ ಕಾಗಕ್ಕ ತನ್ನ ಮನೆ ಕಡೆ ತಿರುಗಿ ನೋಡುತ್ತಾಳೆ. ಆ ಮಗುವಿಗೂ ನನ್ನ ಥ್ಯಾಂಕ್ಸ್.

ಬಾಗಿಲು ಆಗಿದ್ದು ಇಬ್ಬರು ಹುಡುಗಿಯರು. ಎದುರುಬದುರು ನಿಂತು ಕೈ ಚಾಚಿದರೆ ಎರಡು ಕದ, ಬೆರಳು ಕೋದರೆ ಚಿಲಕ, 'ಕಿರ್‍ರ್' ಅಂದರೆ ತೆರೆಯಿತು. ದುಡ್ಡು ಕೊಟ್ಟು ತಂದ ಸೆಟ್ಟಿನಲ್ಲಿ ಇಂಥ ಬಾಗಿಲು ಸಿಗುವುದಿಲ್ಲ. ಇದಕ್ಕೆ ಕಾಗಕ್ಕನ ಮೇಲೆ ಕರುಣೆ ಬೇರೆ ಇತ್ತು. ಒಂದು ದಿನ ಗುಬ್ಬಕ್ಕ ತುಂಬಾ ತಡ ಮಾಡಿದಳು ಅಂತ ಬಾಗಿಲು ತಾನೇ ತೆಗೆದುಕೊಂಡಿತು.

ಟೀಚರೇ ಕಥೆಯೊಳಗೆ ಪಾತ್ರವಾಗಿ ಇಳಿದು ಮಕ್ಕಳ ಜೊತೆ ಮಾತಾಡುವ ರೀತಿಯನ್ನು ಇಂಗ್ಲೆಂಡಿನ ಡೊರೊತಿ ಹೀತ್‌ಕೋಟ್ ಅನ್ನುವ ನಾಟಕ ಶಿಕ್ಷಕಿ ಬೆಳೆಸಿದರು. ಗೆಳೆಯರು ಅದನ್ನು ನನ್ನಿಂದ ಮಾಡಿಸಿದರು. ನಾನು ತಲೆ ಮೇಲೆ ಸೆರಗು ಹೊದ್ದು ಗುಬ್ಬಕ್ಕ ಆದೆ, ಮಕ್ಕಳೆಲ್ಲ ಕಾಗಕ್ಕ ಆದರು. ಎಷ್ಟು ಕೂಗಿದರೂ ಬಾಗಿಲು ತೆಗೆಯಲಿಲ್ಲ. ಸುಮ್ನೆ ಕೂಗಿದರೆ ತೆಗೆಯಲ್ಲ, ಕಾರಣ ಹೇಳಿ ಅಂದೆ. ಚಳಿ, ಹಸಿವು, ಕತ್ತಲು, ಒದ್ದೆ ರೆಕ್ಕೆ, ಎಲ್ಲ ಬಂತು. ಆಗ ಹಿಂದಿನಿಂದ ಒಂದು ಮಗು ಎಲ್ಲರನ್ನೂ ಸರಿಸಿಕೊಂಡು ಮುಂದೆ ಬಂತು. ಮನೆಯಲ್ಲಿ ತೆಲುಗು, ಶಾಲೆಗೆ ಸೇರಿದಾಗಿನಿಂದ ಕ್ಲಾಸಿನಲ್ಲಿ ತಲೆ ಆಡಿಸುವುದು ಬಿಟ್ಟರೆ ಮಾತೇ ಇಲ್ಲ. 'ಗುಬ್ಬಕ್ಕಾ, ತಲುಪು ತಿಯ್ಯಿ!' ಅಂತ ಕೂಗಿತು, ಬಾಗಿಲು ತೆಗಿ ಅಂತ ತೆಲುಗಿನಲ್ಲಿ. ಎಷ್ಟು ಜೋರಾಗಿ ಅಂದರೆ ಅಡುಗೆಕೋಣೆಗೆ ಕೇಳಿಸಿತು. ನಾನು ತಕ್ಷಣ ಬಾಗಿಲು ತೆಗೆದೆ. ಮುಂದಿನ ವಾರದಿಂದ ಕನ್ನಡ ಮನೆಗಳ ಮಕ್ಕಳೂ 'ತಲುಪು ತಿಯ್ಯಿ' ಅನ್ನಲು ಶುರು ಮಾಡಿದರು. ನಾಟಕದಲ್ಲಿ ಎರಡೂ ಭಾಷೆ ಉಳಿಯಿತು. ಇಷ್ಟು ದಿನದ ಕೆಲಸದಲ್ಲಿ ನನಗೆ ಇದಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಇನ್ನೊಂದು ದಿನ ಕಾಗಕ್ಕನನ್ನು ಕುರ್ಚಿ ಮೇಲೆ ಕೂರಿಸಿ ಎಲ್ಲರೂ ಪ್ರಶ್ನೆ ಕೇಳಿದರು. 'ಮಳೆಗಾಲಕ್ಕೆ ಮೊದಲೇ ಗಟ್ಟಿ ಮನೆ ಯಾಕೆ ಕಟ್ಟಲಿಲ್ಲ?' 'ಕಲ್ಲು ಎತ್ತೋಕೆ ನನ್ನ ಕೊಕ್ಕಲ್ಲಿ ಆಗಲ್ಲ.' 'ಗುಬ್ಬಿ ಕೊಕ್ಕು ನಿಂದಕ್ಕಿಂತ ಸಣ್ಣದು!' ಕಾಗಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿ, 'ಅವಳಿಗೆ ಯಾರೋ ಸಹಾಯ ಮಾಡಿರಬೇಕು, ನನಗೆ ಯಾರೂ ಬರಲಿಲ್ಲ' ಅಂದಳು. ಕ್ಲಾಸು ಸುಮ್ಮನಾಯಿತು. ನಮ್ಮ ನಾಟಕದ ಕೊನೆ ಹುಟ್ಟಿದ್ದು ಈ ಉತ್ತರದಿಂದ. ಕಡ್ಲೆಕಾಯಿ ಕದ್ದಿದ್ದಕ್ಕೆ ಗುಬ್ಬಕ್ಕ ಚೆನ್ನಾಗಿ ಬೈಯುತ್ತಾಳೆ. ಕದ್ದಿದ್ದು ಕದ್ದಿದ್ದೇ ಅಂತ ಮೂರನೇ ತರಗತಿಯವರು ಪಟ್ಟು ಹಿಡಿದಿದ್ದರು. ಬರೆ ಮಾತ್ರ ಬೇಡ ಅಂದರು. ಬೆಳಗಾದ ಮೇಲೆ ಮಳೆಯಾಗಿದ್ದವರು, ಬಾಗಿಲಾಗಿದ್ದವರು, ಎಲ್ಲರೂ ಸೇರಿ ಕಾಗಕ್ಕನಿಗೆ ಕಲ್ಲು ಹೊರುತ್ತಾರೆ.

ಸಂಗೀತಕ್ಕೆ ನಮ್ಮ ಊರಿನ ಹಾರ್ಮೋನಿಯಂ ಮೇಷ್ಟ್ರು ಬಂದರು. ಕುರುಕ್ಷೇತ್ರ ನಾಟಕಕ್ಕೆ ರಾತ್ರಿಯಿಡೀ ಪೆಟ್ಟಿಗೆ ಬಾರಿಸುವ ಹಿರಿಯರು. ಗುಬ್ಬಿ ವೀರಣ್ಣನವರ ಜಿಲ್ಲೆ ನಮ್ಮದು. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ಹಾಡುಗಳ ಗುಂಗು ಇಂಥ ಮೇಷ್ಟ್ರುಗಳ ಕೈಯಲ್ಲಿ ಇನ್ನೂ ಇದೆ. ದೊಡ್ಡವರ ಶ್ರುತಿ ತಪ್ಪಿದರೆ ಸಿಡಿಮಿಡಿ ಆಗುವ ತಾತ, ಮಕ್ಕಳು ಎಲ್ಲಿ ಎತ್ತಿಕೊಂಡರೋ ಅಲ್ಲಿಗೇ ಪೆಟ್ಟಿಗೆ ಇಳಿಸಿ, ಏರಿಸಿ ಬಾರಿಸಿದರು. ತಾತ, ನಿಮ್ಮ ತಾಳ್ಮೆಗೆ ಕೈ ಮುಗಿಯುತ್ತೇನೆ.

ಬಿಸಿಯೂಟದ ಅಕ್ಕಂದಿರು ಸೌಟು, ತಟ್ಟೆ, ಖಾಲಿ ಗೋಣಿಚೀಲ ಕೊಟ್ಟರು. ಊಟ ಬಡಿಸಿ ಮುಗಿಸಿ ರಿಹರ್ಸಲ್ ನೋಡಲು ಬಂದು ಕೂರುತ್ತಿದ್ದರು. ನಮ್ಮ ಮೊದಲ ಪ್ರೇಕ್ಷಕರು ಅವರೇ. ಬಾಡಿಗೆ ಡ್ರೆಸ್ ಬೇಡ ಅಂತ ಕೇಳಿಕೊಂಡಾಗ ಪೋಷಕರು ಬೇಸರ ಮಾಡಿಕೊಳ್ಳದೆ ಹರಿದ ಛತ್ರಿಗಳನ್ನು ಕಳಿಸಿದರು. ಆ ಕಪ್ಪು ಬಟ್ಟೆಯಿಂದ ಕಾಗೆಯ ರೆಕ್ಕೆ, ಗೋಣಿಯಿಂದ ಗುಬ್ಬಿಯ ಬೆನ್ನು. ಹೊಲಿದು ಕೊಟ್ಟ ಟೈಲರ್ ಅಣ್ಣನಿಗೂ ವಂದನೆ.

ನಮ್ಮ ಹೆಡ್ ಮಿಸ್ ದಿನದ ಕೊನೆಯ ಪಿರಿಯಡ್ಡು ನಮಗೇ ಬಿಟ್ಟುಕೊಟ್ಟರು. 'ಚೆನ್ನಾಗಿ ಮಾತಾಡೋ ನಾಲ್ಕು ಮಕ್ಕಳನ್ನ ಆರಿಸಿ ಬೇಗ ಮುಗಿಸಿ' ಅಂತ ಯಾರೋ ಸಲಹೆ ಕೊಟ್ಟಾಗ ಅವರೇ ಬೇಡ ಅಂದರು. ಸ್ಪರ್ಧೆಗೆ ಅಂತ ಮಾಡುವಾಗ ಹಾಗೆ ಆರಿಸುತ್ತೇವೆ. ಆದರೆ ಮಾತಾಡುವ ಮಗುವಿಗೆ ನಾಟಕ ಬೇಕು, ಮಾತಾಡದ ಮಗುವಿಗೆ ಇನ್ನೂ ಜಾಸ್ತಿ ಬೇಕು. ಇದನ್ನು ಅವರು ನನಗಿಂತ ಮೊದಲೇ ತಿಳಿದಿದ್ದರು.

ಶಾಲಾಭಿವೃದ್ಧಿ ಸಮಿತಿಯವರು (ಎಸ್‌ಡಿಎಂಸಿ) ವೇದಿಕೆ ಕಟ್ಟಿಸುತ್ತೇವೆ ಅಂದಿದ್ದರು. ಮಕ್ಕಳು ಅಂಗಳದಲ್ಲೇ ಆಡುತ್ತಾರೆ ಅಂದಾಗ ಜಮಖಾನ ಹಾಸಿ ಮೂರು ಕಡೆ ಜನರನ್ನು ಕೂರಿಸಿಕೊಟ್ಟರು. ಮೈಕ್ ಇರಲಿಲ್ಲ, ಬೇಕೂ ಆಗಲಿಲ್ಲ. ಮಕ್ಕಳು ಒಂದು ಬೆರಳಿನಿಂದ ಮಳೆ ಶುರು ಮಾಡಿದಾಗ ಮುಂದೆ ಕೂತಿದ್ದ ಅಜ್ಜಿಯೊಬ್ಬರು ತಾವೂ ತಟ್ಟಿದರು. ಅವರನ್ನು ನೋಡಿ ಪಕ್ಕದವರು, ಆಮೇಲೆ ಇಡೀ ಅಂಗಳ. ಊರವರೇ, ಆ ಮಳೆ ನೀವು ತಂದಿದ್ದು.

ಜೂನ್‌ನಲ್ಲಿ ಒಂದನೇ ತರಗತಿಗೆ ಹೊಸ ಮಕ್ಕಳು ಬರುತ್ತಾರೆ. ಅವರ ಮನೆಯವರಲ್ಲಿ ಈಗಲೇ ಒಂದು ಮಾತು: ಬೇಸಿಗೆ ರಜೆಯಲ್ಲಿ ನಿಮಗೆ ಗೊತ್ತಿರುವ ಒಂದು ಕಥೆ ಹೇಳಿ ಕಳಿಸಿ, ಮನೆಯಲ್ಲಿ ಯಾವ ಭಾಷೆ ಇದೆಯೋ ಅದರಲ್ಲೇ. ಛತ್ರಿ ಬಟ್ಟೆ, ಗೋಣಿಚೀಲಗಳನ್ನು ಒಗೆದು ಶಾಲೆಯ ಟ್ರಂಕಿನಲ್ಲಿ ಇಟ್ಟಿದ್ದೇವೆ. ವಾಪಸ್ ಬೇಕಾದವರು ರಜೆ ಶುರುವಾಗುವ ಮೊದಲು ಬಂದು ತೆಗೆದುಕೊಂಡು ಹೋಗಿ.