ಭಾವನಿಗೆ, ಮತ್ತು ಉಳಿದವರಿಗೂ

ಭಾನುವಾರ ಮ್ಯಾರಥಾನ್, ಅಂದರೆ 42.195 ಕಿಲೋಮೀಟರ್, ಓಡಿ ಮುಗಿಸಿದೆ. 5 ಗಂಟೆ 12 ನಿಮಿಷ. ಕೊನೆಯ ಆರು ಕಿಲೋಮೀಟರ್ ಮಾಡಿದ್ದನ್ನು ಓಟ ಅಂತ ಕರೆದರೆ ಓಟಕ್ಕೇ ಅವಮಾನ, ಆದರೂ ಮುಗಿಸಿದೆ. ಮೂರು ದಿನದಿಂದ ಫೋನ್ ತುಂಬ ನಿಮ್ಮ ಮೆಸೇಜುಗಳು. ಒಬ್ಬೊಬ್ಬರಿಗೂ ಉತ್ತರ ಬರೆಯಲು ಕೂತೆ. ಹನ್ನೊಂದನೆಯವರ ಹೊತ್ತಿಗೆ ಒಂದೇ ಮಾತನ್ನು ತಿರುಗಿಸಿ ಮುರುಗಿಸಿ ಬರೆಯುತ್ತಿದ್ದೇನೆ ಅನ್ನಿಸಿತು. ಅದಕ್ಕೇ ಎಲ್ಲರಿಗೂ ಸೇರಿಸಿ ಇದು.

ಕಳೆದ ವರ್ಷ ಏನಾಯಿತು ಅಂತ ನಿಮಗೆಲ್ಲ ಗೊತ್ತು. ನನ್ನ ಆಸ್ತಮಾ ಜೋರಾಗಿ ಆಸ್ಪತ್ರೆಯಲ್ಲಿ ಕಳೆದ ನಾಲ್ಕು ದಿನ, ಹೆಸರು ಕೊಟ್ಟಿದ್ದ ಓಟ ತಪ್ಪಿದ್ದು, ಆಮೇಲಿನ ತಿಂಗಳುಗಳು. ಅದನ್ನೆಲ್ಲ ಮತ್ತೆ ಬರೆಯುವುದಿಲ್ಲ. ಆದರೆ ಆಸ್ಪತ್ರೆ ಸೇರುವ ಮುಂಚಿನ ರಾತ್ರಿಯ ಬಗ್ಗೆ ನಾನು ಯಾರಿಗೂ ಸರಿಯಾಗಿ ಹೇಳಿಲ್ಲ. ಅದು ಪೂರ್ತಿ ಗೊತ್ತಿರುವುದು ಇಬ್ಬರಿಗೇ, ನನಗೆ ಮತ್ತು ಭಾವನಿಗೆ.

ಭಾವನಿಗೂ ಓಟಕ್ಕೂ ಎಣ್ಣೆ ಸೀಗೇಕಾಯಿ. ಹಿಂದೆ ನಾಯಿ ಅಟ್ಟಿಸಿಕೊಂಡು ಬರದೆ ಮನುಷ್ಯ ಯಾಕೆ ಓಡಬೇಕು ಅನ್ನುವುದು ಅವರ ಸಿದ್ಧಾಂತ. ಲಿಫ್ಟ್ ಕೆಟ್ಟರೆ ರಿಪೇರಿಯವನು ಬರುವ ತನಕ ಕೆಳಗೇ ಕೂತು ಕಾಯುವ ಆಸಾಮಿ. ನಾನು ಬೆಳಿಗ್ಗೆ ಐದಕ್ಕೆ ಎದ್ದು ಶೂ ಕಟ್ಟುವುದನ್ನು ನೋಡಿ ಒಂದು ದಿನವೂ ಶಹಬ್ಬಾಸ್ ಅಂದವರಲ್ಲ. ಬೇಡ ಅಂತಲೂ ಅಂದವರಲ್ಲ. ಈ ಎರಡನೆಯದು ಎಷ್ಟು ದೊಡ್ಡದು ಅಂತ ನನಗೆ ತಡವಾಗಿ ಗೊತ್ತಾಯಿತು.

ಅವತ್ತು ಅಕ್ಕ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದಳು. ನಾನು ಅವರ ಮನೆಯಲ್ಲಿದ್ದೆ. ಎರಡು ದಿನದಿಂದ ನೆಗಡಿ ಇತ್ತು, ಆದರೂ ಬೆಳಿಗ್ಗೆ ಆ ಚಳಿಯಲ್ಲಿ 24 ಕಿಲೋಮೀಟರ್ ಓಡಿ ಬಂದಿದ್ದೆ, ಪ್ಲಾನಿನಲ್ಲಿ ಹಾಗೆ ಬರೆದಿತ್ತು ಅಂತ. ಸಂಜೆಗೆ ಕೆಮ್ಮು. ರಾತ್ರಿ ಹತ್ತಕ್ಕೆ ಎದೆಯಲ್ಲಿ ಕುಯ್ ಕುಯ್ ಶುರು. ದಮ್ಮು ಹತ್ತಿದಾಗ ಎಳೆಯುವ ನೀಲಿ ಪಂಪ್ (ಇನ್‌ಹೇಲರ್) ಎಳೆದೆ, ಸ್ವಲ್ಪ ಇಳಿಯಿತು. ಹನ್ನೊಂದಕ್ಕೆ ಮತ್ತೆ. ಭಾವ ಎದ್ದು ಬಂದು ಏನೂ ಕೇಳದೆ ಕುರ್ಚಿ ಎಳೆದು, ಎದುರಿಗೆ ಮೇಜಿನ ಮೇಲೆ ಎರಡು ದಿಂಬು ಇಟ್ಟು, ಮಲಗಬೇಡ, ಇದರ ಮೇಲೆ ಒರಗಿಕೋ ಅಂದರು. ಅವರ ಅಮ್ಮನಿಗೆ ಜೀವಮಾನವಿಡೀ ಉಬ್ಬಸ. ಚಿಕ್ಕಂದಿನಿಂದ ಅಂಥ ರಾತ್ರಿಗಳಲ್ಲಿ ಪಕ್ಕದಲ್ಲಿ ಕೂತವರು ಇವರೇ. ಇಷ್ಟು ವರ್ಷದಲ್ಲಿ ನಾನು ಅದನ್ನು ಒಮ್ಮೆಯೂ ಕೇಳಿ ತಿಳಿದುಕೊಂಡಿರಲಿಲ್ಲ.

ಆಮೇಲೆ ಅವರು ಒಂದು ಕೆಲಸ ಮಾಡಿದರು. ಒಂದೇ ಉಸಿರಿನಲ್ಲಿ ಒಂದರಿಂದ ಎಣಿಸು ಅಂದರು. ಹದಿನಾಲ್ಕರವರೆಗೆ ಹೋದೆ. ಹಳೇ ಕರೆಂಟ್ ಬಿಲ್ಲಿನ ಹಿಂಬದಿಯಲ್ಲಿ 11:10, 14 ಅಂತ ಬರೆದುಕೊಂಡರು. ಹನ್ನೆರಡಕ್ಕೆ ಹನ್ನೊಂದು. ಒಂದು ಗಂಟೆಗೆ ಎಂಟು. ಆಗಲೇ ಕಾರಿನ ಕೀ ಕೈಗೆ ತಗೊಂಡು ಹೊರಡೋಣ ಅಂದರು, ನಾನು ಬೇಡವೇ ಬೇಡ ಅಂತ ಹಟ ಹಿಡಿದೆ. ಆಸ್ಪತ್ರೆಗೆ ಹೋದರೆ ಓಟಕ್ಕೆ ಬಿಡಲ್ಲ ಅನ್ನೋ ಹೆದರಿಕೆ, ಅಷ್ಟೇ. ನನ್ನ ಥರ ಯಾರೂ ಮಾಡಬೇಡಿ. ನೀಲಿ ಪಂಪ್ ತಗೊಂಡ ಮೇಲೂ ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ ಅದು ಕಾಯುವ ಹೊತ್ತಲ್ಲ.

ಮೂರರ ಸುಮಾರಿಗೆ ಕುಯ್ ಕುಯ್ ಸದ್ದು ಕಡಿಮೆಯಾಗುತ್ತಾ ಬಂತು. ನಿಂತೇ ಹೋಯಿತು. ನನಗೆ ಸಮಾಧಾನ, ಅಂತೂ ಇಳಿಯಿತಲ್ಲ ಅಂತ. ತಲೆ ಎತ್ತಿ ನೋಡಿದರೆ ಭಾವನ ಮುಖ ಬಿಳಿಚಿಕೊಂಡಿತ್ತು. ಸದ್ದು ಬರಬೇಕಾದರೂ ಒಳಗೆ ಗಾಳಿ ಓಡಾಡಬೇಕಲ್ಲ. ಗಾಳಿಯೇ ಓಡಾಡದಿದ್ದರೆ ಸಿಳ್ಳೆ ಎಲ್ಲಿಂದ ಬರಬೇಕು. ಎಣಿಸು ಅಂದರು. ಎರಡು ಅನ್ನುವಷ್ಟರಲ್ಲಿ ನಿಂತಿತು. ಮುಂದೆ ನನ್ನನ್ನು ಕೇಳಲಿಲ್ಲ. ಮೂರು ಅಂತಸ್ತು ಮೆಟ್ಟಿಲು, ಆ ಲಿಫ್ಟ್ ಕಾಯುವ ಮನುಷ್ಯ, ನನ್ನನ್ನು ಹೆಗಲಿಗೆ ಹಾಕಿಕೊಂಡು ಇಳಿದರು.

ಕಾರಿನಲ್ಲಿ ಒಂದೇ ಮಾತು ಹೇಳಿದರು, ಅಮ್ಮನಿಗೂ ಒಂದು ಸಲ ಹೀಗೇ ಸದ್ದು ನಿಂತಿತ್ತು. ಅವತ್ತು ಏನಾಯಿತು ಅಂತ ಅವರು ಹೇಳಲಿಲ್ಲ. ನಾನು ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಇವತ್ತಿಗೂ ಕೇಳಿಲ್ಲ.

ಮರುದಿನ ಸಂಜೆ, ಆಕ್ಸಿಜನ್ ತೆಗೆದ ಮೇಲೆ, ಭಾವ ಮಂಚದ ಪಕ್ಕ ಕೂತು ಮೆಲ್ಲಗೆ ಕೇಳಿದರು, ದಿನಾ ತಗೋಬೇಕಾದ ಪಂಪ್ ಬಿಟ್ಟು ಎಷ್ಟು ದಿನ ಆಯಿತು? ನಾನು ಬಿಟ್ಟಿದ್ದೇನೆ ಅಂತ ಯಾರಿಗೂ ಹೇಳಿರಲಿಲ್ಲ. ಆರು ವಾರ ಅಂದೆ. ಸರಿ ಅಂದರು. ಅಷ್ಟೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಸರಿ ಅನ್ನೋದು ಕೇಳಿ ಮುಖ ಗೋಡೆ ಕಡೆ ತಿರುಗಿಸಿಕೊಂಡು ಚಿಕ್ಕ ಹುಡುಗನ ಹಾಗೆ ಅತ್ತೆ. ಸತ್ತೇ ಹೋಗುತ್ತಿದ್ದೆ ಅನ್ನುವುದು ಆಗಲೇ ತಲೆಗೆ ಇಳಿದದ್ದು, ಅದೂ ಒಂದು ಹುಚ್ಚು ಹೆಮ್ಮೆಗೆ.

ಹೆಮ್ಮೆ ಏನು ಅಂತಲೂ ಹೇಳಿಬಿಡುತ್ತೇನೆ. ಟ್ರೈನಿಂಗ್ ಚೆನ್ನಾಗಿ ನಡೀತಿತ್ತು, ದಮ್ಮು ಹತ್ತುತ್ತಿರಲಿಲ್ಲ, ಹಾಗಾಗಿ ಓಡಿ ಓಡಿ ಆಸ್ತಮಾ ವಾಸಿಯಾಯಿತು ಅಂದುಕೊಂಡೆ. ವಾಸಿ ಆಗಿರಲಿಲ್ಲ, ಆ ಪಂಪ್ ತನ್ನ ಕೆಲಸ ಮಾಡುತ್ತಿತ್ತು. ಅದರಲ್ಲಿರುವ ಸ್ಟೀರಾಯ್ಡ್ ಉಸಿರಿನ ಕೊಳವೆಗಳ ಊತವನ್ನು ದಿನಗಟ್ಟಲೆ, ವಾರಗಟ್ಟಲೆ ನಿಧಾನಕ್ಕೆ ಇಳಿಸುತ್ತದೆ. ಹಾಗಾಗಿ ಬಿಟ್ಟ ಮರುದಿನವೂ ಏನೂ ಆಗಲ್ಲ. ಅದೇ ಮೋಸ. ನೀಲಿ ಪಂಪ್ ನಿಮಿಷಗಳಲ್ಲಿ ಕೊಳವೆ ಅಗಲಿಸುತ್ತದೆ, ಊತಕ್ಕೆ ಅದು ಏನೂ ಮಾಡಲ್ಲ. ಬರೀ ನೀಲಿಯನ್ನೇ ನೆಚ್ಚಿಕೊಂಡು ಆಸ್ತಮಾ ನಿಭಾಯಿಸಬೇಡಿ ಅಂತ 2019ರಿಂದ ಜಾಗತಿಕ ಮಾರ್ಗಸೂಚಿಯೇ ಹೇಳುತ್ತಿದೆ. ನಾನು ಸರಿಯಾಗಿ ಅದನ್ನೇ ಮಾಡುತ್ತಿದ್ದೆ.

ಇದನ್ನೆಲ್ಲ ತಾಳ್ಮೆಯಿಂದ ಬಿಡಿಸಿ ಹೇಳಿದ ಡಾಕ್ಟರಿಗೆ ದೊಡ್ಡ ನಮಸ್ಕಾರ. ಇನ್ನು ಓಡಬೇಡಿ ಅಂತಾರೆ ಅಂತ ಕಾಯುತ್ತಿದ್ದೆ. ಅವರು ಪೌಲಾ ರಾಡ್‌ಕ್ಲಿಫ್ ಹೆಸರು ಕೇಳಿದ್ದೀರಾ ಅಂದರು. ಹದಿನಾಲ್ಕನೇ ವಯಸ್ಸಿಗೇ ಆಸ್ತಮಾ ಅಂತ ಗೊತ್ತಾದವರು, 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿದರು, ಮಹಿಳೆಯರ ಆ ವಿಶ್ವದಾಖಲೆ 2019ರ ತನಕ ಅಲುಗಾಡಲಿಲ್ಲ. (ನಾನು ಒಂದು ಸಲ ಮುಗಿಸುವಷ್ಟರಲ್ಲಿ ಅವರು ಎರಡು ಸಲ ಓಡಿ, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿಕೊಂಡು ಬಂದು ನನಗೆ ಚಪ್ಪಾಳೆ ತಟ್ಟಬಹುದಿತ್ತು.) ಆಮೇಲೆ ಇಥಿಯೋಪಿಯಾದ ಓಟಗಾರ ಹೈಲೆ ಗೆಬ್ರೆಸೆಲಾಸಿಯ ಕಥೆ. 2008ರ ಬೀಜಿಂಗ್ ಒಲಿಂಪಿಕ್ಸಿನ ಮ್ಯಾರಥಾನನ್ನು ಅಲ್ಲಿನ ಹೊಗೆ ಧೂಳಿಗೆ ಹೆದರಿ, ನನಗೆ ಆಸ್ತಮಾ ಇದೆ, ಬೇಡ ಅಂತ ಬಿಟ್ಟರು. ಅದೇ ಸೆಪ್ಟೆಂಬರಿನಲ್ಲಿ ಬರ್ಲಿನ್‌ನಲ್ಲಿ 2:03:59 ಓಡಿ ವಿಶ್ವದಾಖಲೆ ಮಾಡಿದರು. ನನಗೆ ದಾಖಲೆಗಿಂತ ಆ ಬೇಡ ಅಂದಿದ್ದೇ ಜಾಸ್ತಿ ನಾಟಿತು. ನೆಗಡಿಯಲ್ಲಿ 24 ಕಿಲೋಮೀಟರ್ ಹೋದವನಲ್ವಾ ನಾನು.

ಪಂಪ್ ಹೇಗೆ ತಗೊಳ್ತೀರಿ ತೋರಿಸಿ ಅಂತಲೂ ಅವರು ಕೇಳಿದರು. ಹನ್ನೊಂದು ವರ್ಷದ ಅನುಭವಿ ನಾನು, ಗತ್ತಿನಿಂದ ತೋರಿಸಿದೆ. ಎಲ್ಲ ತಪ್ಪು. ಅಲ್ಲಾಡಿಸಿರಲಿಲ್ಲ, ಒತ್ತಿದ ಮೇಲೆ ಎಳೆಯುತ್ತಿದ್ದೆ, ಎರಡು ಪಫ್ ಒಟ್ಟಿಗೇ ಒತ್ತುತ್ತಿದ್ದೆ. ಔಷಧಿ ಬಹುಪಾಲು ನಾಲಿಗೆ ಗಂಟಲಿಗೆ ಹೋಗುತ್ತಿತ್ತಂತೆ. ಈಗ ಸ್ಪೇಸರ್ ಇದೆ, ಪಂಪಿಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ. ಒಂದು ಪಫ್, ನಿಧಾನಕ್ಕೆ ಎಳೆದು, ಹತ್ತು ಎಣಿಸುವ ತನಕ ಹಿಡಿದು, ಬಿಟ್ಟು, ಆಮೇಲೆ ಇನ್ನೊಂದು. ದಿನದ ಪಂಪ್ ಆದ ಮೇಲೆ ಬಾಯಿ ಮುಕ್ಕಳಿಸುವುದು. ನಿಮ್ಮಲ್ಲಿ ಪಂಪ್ ಇರುವವರು ಒಂದು ಸಲ ಡಾಕ್ಟರ್ ಎದುರಿಗೆ ತಗೊಂಡು ತೋರಿಸಿ, ನಾಚಿಕೆ ಬೇಡ.

ಭಾನುವಾರದ ಓಟದ ಗುಂಪಿಗೆ, ನನ್ನ ಶಿಫ್ಟ್‌ಗಳನ್ನು ಹಂಚಿಕೊಂಡ ಆಫೀಸಿನವರಿಗೆ, ಮೊಣಕಾಲು ನೋಡಿಕೊಂಡ ಫಿಸಿಯೋಗೆ, ಹೂಕುಂಡಗಳಿಗೆ ನೀರು ಹಾಕಿದ ಪಕ್ಕದ ಮನೆಯವರಿಗೆ, ದಾರಿಯುದ್ದಕ್ಕೂ ಹೆಸರು ಕೂಗಿದ ಗುರುತಿಲ್ಲದವರಿಗೆ, ಎಲ್ಲರಿಗೂ ತುಂಬ ತುಂಬ ಥ್ಯಾಂಕ್ಸ್. ಅಕ್ಕನಿಗೆ ಥ್ಯಾಂಕ್ಸ್ ಹೇಳಿದರೆ ಬೈತಾಳೆ, ಹಾಗಾಗಿ ಹೇಳಲ್ಲ. ಗುಂಪಿನಲ್ಲಿ ಒಬ್ಬ, ಪಂಪ್ ತಗೊಂಡು ಓಡೋದು ಮೋಸ ಅಲ್ವಾ ಅಂತ ಕೇಳಿದ್ದ. ಅವತ್ತು ಸುಮ್ನೆ ನಕ್ಕಿದ್ದೆ. ಈಗ ಹೇಳ್ತೀನಿ ಕೇಳು ಮಾರಾಯ. ಒಲಿಂಪಿಕ್ಸಿನವರಿಗೂ ನಿಯಮ ಹಾಕುವ ವಾಡಾ, ಅಂದರೆ ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ, ನೀಲಿ ಪಂಪಿನಲ್ಲಿ ಎಳೆಯುವ ಸಾಲ್ಬುಟಮಾಲ್ ಔಷಧಿಗೆ 24 ಗಂಟೆಗೆ 1600 ಮೈಕ್ರೋಗ್ರಾಂವರೆಗೆ, ಅದರಲ್ಲೂ 8 ಗಂಟೆಯೊಳಗೆ 600 ಮೀರದ ಹಾಗೆ, ಅನುಮತಿ ಕೊಟ್ಟಿದೆ. ನಾನು ಓಟಕ್ಕೆ ಹದಿನೈದು ನಿಮಿಷ ಮುಂಚೆ ತಗೊಂಡಿದ್ದು ತಲಾ ನೂರರ ಎರಡು ಪಫ್. ನಿನಗೆ ಪುಕ್ಕಟೆ ಸಿಗುವ ಗಾಳಿ ನನಗೂ ಸಿಗಲಿ ಅಂತ, ಅಷ್ಟೇ.

ಈ ಒಂದು ವರ್ಷ ಭಾವ ಏನು ಮಾಡಿದರು ಅಂತ ಹೇಳಿದರೆ ನಗ್ತೀರಿ. ದಿನಾ ಬೆಳಿಗ್ಗೆ ಒಂದು ಫೋನ್. ಪೀಕ್ ಫ್ಲೋ ಎಷ್ಟು? ಅಂದರೆ, ಸಣ್ಣ ಮೀಟರಿಗೆ ಜೋರಾಗಿ ಊದಿದಾಗ ಬರುವ ಅಂಕಿ. ನನ್ನ ಅತಿ ಒಳ್ಳೆಯ ಅಂಕಿ 500. 400ರ ಮೇಲಿದ್ದರೆ ಹಸಿರು, ಹೋಗಿ ಬಾ ಅಂತಿದ್ದರು. 250ರಿಂದ 400ರೊಳಗೆ ಇದ್ದರೆ ಹಳದಿ, ಆ ದಿನ ಶೂ ಮುಟ್ಟುವ ಹಾಗಿಲ್ಲ, ಡಾಕ್ಟರ್ ಬರೆದುಕೊಟ್ಟ ಚೀಟಿ ಪ್ರಕಾರ ನಡೆಯಬೇಕು. ಕೆಂಪು ಒಂದು ದಿನವೂ ಬರಲಿಲ್ಲ. ಹಳದಿ ಒಂಬತ್ತು ಸಲ ಬಂತು, ಅಂಕಿ ಹೇಳಿ ಫೋನ್ ಇಟ್ಟ ಮೇಲೆ ಒಂಬತ್ತು ಸಲವೂ ನಾನು ಅವರನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ. ಭಾವ, ಕ್ಷಮಿಸಿ. ಇಪ್ಪತ್ತು ನಿಮಿಷದ ವಾರ್ಮಪ್, ನಡುನಡುವೆ ಸಣ್ಣ ಸಣ್ಣ ವೇಗದ ಓಟ, ಚಳಿ ಇದ್ದರೆ ಬಾಯಿಗೆ ಬಟ್ಟೆ. ಜೋರಾಗಿ ಓಡುವಾಗ ಬಾಯಿಯಿಂದ ಎಳೆದ ತಣ್ಣನೆ ಒಣ ಗಾಳಿ ಕೊಳವೆಗಳ ತೇವ ಹೀರಿಬಿಡುತ್ತದೆ, ಅದಕ್ಕೇ ಅವು ಬಿಗಿಯುತ್ತವೆ. ಇದನ್ನೂ ಒಂದು ದಿನವೂ ಓಡದ ಭಾವನೇ ನನಗೆ ಫೋನಿನಲ್ಲಿ ಪಾಠ ಮಾಡಿದರು.

ಭಾನುವಾರ ಮೂವತ್ತನೇ ಕಿಲೋಮೀಟರಿನ ಫಲಕದ ಹತ್ತಿರ ಒಬ್ಬರು ಬೆನ್ನಿಗೆ ಬ್ಯಾಗ್ ಹಾಕಿಕೊಂಡು ನಿಂತಿದ್ದರು. ಬ್ಯಾಗಿನಲ್ಲಿ ಇನ್ನೊಂದು ನೀಲಿ ಪಂಪ್, ಇನ್ನೊಂದು ಸ್ಪೇಸರ್. ಹೇಗಿದ್ದೀಯಾ ಅನ್ನಲಿಲ್ಲ, ಎಣಿಸು ಅಂದರು. ನಡೆಯುತ್ತಾ ಹದಿಮೂರರವರೆಗೆ ಎಣಿಸಿದೆ, ಹೋಗು ಅಂದರು. ಪಕ್ಕದಲ್ಲಿ ಓಡುತ್ತಿದ್ದವರು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದರು.

ಮುಗಿಸಿದ ಮೇಲೆ ನೆಲಕ್ಕೆ ಬೀಳೋಣ ಅನ್ನಿಸಿತ್ತು. ಬಿಡಲಿಲ್ಲ. ಎದೆ ಬಿಗಿಯುವುದು ಬಹಳ ಸಲ ಓಡುವಾಗಲ್ಲ, ನಿಲ್ಲಿಸಿದ ಐದರಿಂದ ಹದಿನೈದು ನಿಮಿಷದಲ್ಲಿ ಅಂತ ಅವರಿಗೆ ಗೊತ್ತು. ತೋಳು ಹಿಡಿದು, ಗಡಿಯಾರ ನೋಡುತ್ತಾ, ಹದಿನೈದು ನಿಮಿಷ ಮೈದಾನದ ಅಂಚಿನಲ್ಲಿ ನನ್ನನ್ನು ನಡೆಸಿದರು. ನೀವೆಲ್ಲ ಕೇಳುತ್ತಿರುವ ಮೆಡಲಿನ ಫೋಟೋ ಇಲ್ಲದಿರುವುದು ಅದಕ್ಕೇ. ಆ ಹೊತ್ತಿನಲ್ಲಿ ನಾನು ಗೊಣಗುತ್ತಿದ್ದೆ, ಅವರು ಕಿವಿ ಹತ್ತಿರ ತಂದು ನನ್ನ ಎದೆಯ ಸದ್ದು ಕೇಳುತ್ತಿದ್ದರು.

ಆ ಕರೆಂಟ್ ಬಿಲ್ ನನ್ನ ಹತ್ತಿರವೇ ಇದೆ. 14, 11, 8, ಆಮೇಲೆ 5, ಕೊನೆಯಲ್ಲಿ 2. ಎರಡರ ಮುಂದೆ ಗಂಟೆ ಬರೆದಿಲ್ಲ, ಪೆನ್ನು ಎಳೆದುಕೊಂಡು ಹೋದ ಒಂದು ಗೆರೆ ಇದೆ. ಅದನ್ನು ಮೆಡಲಿನ ಡಬ್ಬದಲ್ಲೇ ಇಟ್ಟಿದ್ದೇನೆ.

ಭಾವ, ಇವತ್ತು ಬೆಳಿಗ್ಗೆ ನೀವು ಫೋನ್ ಮಾಡಿದಾಗ ಮಲಗಿದ್ದೆ, ತಗೊಳ್ಳಲಿಲ್ಲ. 480. ಪಂಪ್ ತಗೊಂಡಿದ್ದೇನೆ, ಬಾಯಿ ಮುಕ್ಕಳಿಸಿದ್ದೇನೆ.