ರಂಗೀನ್ ಮಹಲ್ ತೋರಿಸಿದ ಕಾಕಾ ಅವರಿಗೆ

ಭಾನುವಾರ ಬೀದರ್ ಕೋಟೆಯಲ್ಲಿ ಸಿಕ್ಕ ಹಿರಿಯರೇ, ಹೆಸರೂ ಹೇಳದೆ ಹೊರಟುಬಿಟ್ಟಿರಿ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕೋಟೆಯೊಳಗಿನ ಅರಮನೆ ರಂಗೀನ್ ಮಹಲಿಗೆ ಬೀಗ ಹಾಕಿತ್ತು. ಆ ಬಿಸಿಲಲ್ಲಿ ನೀವೇ ಹೋಗಿ ಕೀಲಿ ಇದ್ದವರನ್ನು ಕರೆತಂದಿರಿ. ಒಳಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದು, “ಈಗ ನೋಡ್ರಿ ಅವ್ವಾರೆ” ಅಂದಿರಿ. ಕಪ್ಪು ಕಲ್ಲಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು ಒಮ್ಮೆ ಗುಲಾಬಿ, ಒಮ್ಮೆ ಹಸಿರಾಗಿ ಹೊಳೆದವು. ಅಮ್ಮ ಅಲ್ಲಿಂದ ಕದಲಲೇ ಇಲ್ಲ! 1542ರಿಂದ 1580ರವರೆಗೆ ಬೀದರ್ ಆಳಿದ ಸುಲ್ತಾನ ಅಲಿ ಬರೀದ್ ಶಾಹನ ಕಾಲದ ಕೆಲಸ ಅದು. ಖಾಸಗಿ ಕೋಣೆಗೆ ಇಷ್ಟೊಂದು ಕುಸುರಿ ಮಾಡಿಸಿದವನಿಗೆ ರುಚಿ ಜಾಸ್ತಿಯೇ ಇತ್ತು, ಅಲ್ವಾ?

ಆಮೇಲೆ ಸೋಲಾ ಖಂಬ ಮಸೀದಿ ಎದುರಿನ ತೋಟ, ಲಾಲ್ ಬಾಗ್‌ವರೆಗೂ ಅಮ್ಮನ ಕೈ ಹಿಡಿದು ನಡೆಸಿದಿರಿ. ಚಹಾಕ್ಕೆ ಕರೆದರೂ ನಿಲ್ಲಲಿಲ್ಲ. ತುಂಬಾ ಧನ್ಯವಾದ ಕಾಕಾ. ಆ ಚಹಾ ಬಾಕಿ ಇದೆ.