ಕಾದಂಬರಿಯನ್ನು ಬರಿಯ ಖುಷಿಗಾಗಿ ಓದಲು ಬಿಡಿ

ಮಾನ್ಯ ಸಂಪಾದಕರೇ,

ಕಳೆದ ತಿಂಗಳು ನಮ್ಮ ತಾಲ್ಲೂಕಿನ ಶಾಲೆಯೊಂದರಲ್ಲಿ ನಡೆದ ಪೋಷಕರ ಸಭೆಯಲ್ಲಿ, ಎಸ್ಸೆಸ್ಸೆಲ್ಸಿ ಮುಗಿಯುವವರೆಗೆ ಮಕ್ಕಳ ಕೈಗೆ ಮೊಬೈಲನ್ನೂ ಕಥೆ ಪುಸ್ತಕವನ್ನೂ ಕೊಡಬಾರದೆಂದು ಒಂದೇ ಉಸಿರಿಗೆ ಹೇಳಲಾಯಿತು. ಹೇಳಿದವರ ಕಾಳಜಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಕಾದಂಬರಿ ಓದುವುದು ಹೊತ್ತು ಹಾಳುಮಾಡುವ ಚಟ, ಓದುವುದಿದ್ದರೆ ಪಠ್ಯವನ್ನೋ ಸಾಮಾನ್ಯ ಜ್ಞಾನದ ಪುಸ್ತಕವನ್ನೋ ಓದಬೇಕು ಎಂಬ ಎಣಿಕೆ, ಕುವೆಂಪು ಮತ್ತು ಅನಂತಮೂರ್ತಿಯವರು ಬಾಲ್ಯ ಕಳೆದ ತೀರ್ಥಹಳ್ಳಿ ಸೀಮೆಯಲ್ಲಿಯೇ ಇಷ್ಟು ಗಟ್ಟಿಯಾಗಿ ಬೇರುಬಿಟ್ಟಿರುವುದು ಬೇಸರದ ಸಂಗತಿ.

ಕಾದಂಬರಿಯ ಪರವಾಗಿ ಮಾತನಾಡುವವರೂ ಅದನ್ನು ಟಾನಿಕ್ಕಿನಂತೆ ಸಮರ್ಥಿಸುತ್ತಾರೆ: ಓದಿದರೆ ಪದಸಂಪತ್ತು ಬೆಳೆಯುತ್ತದೆ, ಪ್ರಬಂಧ ಚೆನ್ನಾಗಿ ಬರೆಯಬಹುದು, ಅಂಕ ಹೆಚ್ಚುತ್ತದೆ ಎಂದು. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧವೊಂದು, ಉತ್ತಮ ಕಥೆಯನ್ನು ಸ್ವಲ್ಪ ಹೊತ್ತು ಓದಿದವರು ಇತರರ ಮನಸ್ಸಿನ ಭಾವವನ್ನು ಗುರುತಿಸುವ ಪರೀಕ್ಷೆಯಲ್ಲಿ ಮುಂದಿದ್ದರೆಂದು ಹೇಳಿ ಲೋಕವೆಲ್ಲ ಸುದ್ದಿಯಾಗಿತ್ತು. ಮೂರು ವರ್ಷಗಳ ಬಳಿಕ ಬೇರೆ ಸಂಶೋಧಕರು ಅದೇ ಪ್ರಯೋಗವನ್ನು ಮತ್ತೆ ನಡೆಸಿದಾಗ ಆ ಫಲ ಅವರಿಗೆ ಕಾಣಲಿಲ್ಲ. ಇಂತಹ ಫಲಗಳ ಮೇಲೆ ಕಾದಂಬರಿಯ ಭವಿಷ್ಯವನ್ನು ನಿಲ್ಲಿಸುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಸಂಗೀತ ಕೇಳುವವನನ್ನು ಯಾರೂ ಇದರಿಂದ ನಿನಗೇನು ಲಾಭವಾಯಿತೆಂದು ಕೇಳುವುದಿಲ್ಲ. ಕಥೆ ಓದುವ ಮಗುವನ್ನು ಮಾತ್ರ ಏಕೆ ಕೇಳಬೇಕು?

ನಮ್ಮ ಕಡೆ ಈ ಸುಖ ಎಲ್ಲರಿಗೂ ಗೊತ್ತಿದ್ದದ್ದೇ. ಅಡಿಕೆ ಸುಲಿಯುವ ಯಂತ್ರಗಳು ಬರುವ ಮೊದಲು, ಕೊಯ್ಲಿನ ದಿನಗಳಲ್ಲಿ ರಾತ್ರಿ ಊಟವಾದ ಮೇಲೆ ಗ್ಯಾಸ್‌ಲೈಟಿನ ಬೆಳಕಿನಲ್ಲಿ ಹತ್ತಾರು ಜನ ಮೆಟ್ಟುಗತ್ತಿಯ ಮುಂದೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದರು. ನಮ್ಮ ಮನೆಯ ಅಂಗಳದಲ್ಲಿ ಅಕ್ಷರ ಬಲ್ಲ ಒಬ್ಬರು ವಾರಪತ್ರಿಕೆಯ ಧಾರಾವಾಹಿಯನ್ನು ಗಟ್ಟಿಯಾಗಿ ಓದುವುದು ವಾಡಿಕೆಯಾಗಿತ್ತು; ಅವರ ಪಾಲಿನ ಅಡಿಕೆಯನ್ನು ಉಳಿದವರು ಹಂಚಿಕೊಂಡು ಸುಲಿಯುತ್ತಿದ್ದರು. ಕಥೆಯ ನೀತಿಯೇನೆಂದು ಅಲ್ಲಿ ಯಾರೂ ಕೇಳಲಿಲ್ಲ. ಗಂಡನ ಮನೆ ಬಿಟ್ಟುಬಂದ ಹೆಣ್ಣುಮಗಳು ಮತ್ತೆ ಅಲ್ಲಿಗೆ ಹೋಗಬೇಕಿತ್ತೇ ಎಂಬುದರ ಮೇಲೆ ಮಾತ್ರ ದೊಡ್ಡ ವಾದವಾಗುತ್ತಿತ್ತು. ತನ್ನ ಮನೆಯ ವಿಷಯದಲ್ಲಿ ಒಂದು ಮಾತೂ ಆಡದ ಹೆಂಗಸರು ಆ ಕಥೆಯ ಹೆಣ್ಣಿನ ಪರವಾಗಿ ಧ್ವನಿ ಏರಿಸಿ ಮಾತನಾಡುವುದನ್ನು ನಾನು ಕೇಳಿದ್ದೇನೆ. ಮುಂದಿನ ಸಂಚಿಕೆ ಬರುವವರೆಗೆ ಆ ವಾದ ತೋಟದಲ್ಲಿಯೂ ಬಾವಿಕಟ್ಟೆಯಲ್ಲಿಯೂ ಮುಂದುವರಿಯುತ್ತಿತ್ತು.

ಅಂಥ ಓದುಗರ ನಡುವಿನಿಂದಲೇ ಬರಹಗಾರರೂ ಬಂದರು. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಮದುವೆಯಾಗಿ ಶಾಲೆ ಬಿಟ್ಟ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ, ಅವರು ನಲವತ್ತೈದು ದಾಟಿದ ಮೇಲೆ. ಯಾವ ಪರೀಕ್ಷೆಗೂ ಅಲ್ಲದೆ ಅವರನ್ನು ಓದಿ, ಪುಸ್ತಕ ಹರಿದುಹೋಗುವವರೆಗೆ ಮನೆಯಿಂದ ಮನೆಗೆ ದಾಟಿಸಿದ ಗೃಹಿಣಿಯರು ನಮ್ಮೂರಿನಲ್ಲಿ ಈಗಲೂ ಇದ್ದಾರೆ.

ಇನ್ನೊಂದು ಉದಾಹರಣೆ ತೀರ ಈಚಿನದು. ನಮ್ಮ ನೆರೆಮನೆಯ ಪಿಯುಸಿ ಹುಡುಗಿ, ಯಾರೂ ಹೇಳದೆಯೇ, ಸಾಗರದ ನಾ. ಡಿಸೋಜ ಅವರ ‘ದ್ವೀಪ’ವನ್ನು ಎರಡು ರಾತ್ರಿಗಳಲ್ಲಿ ಓದಿ ಮುಗಿಸಿದಳು. ಶರಾವತಿಯ ನೀರು ಏರುತ್ತಾ ಬಂದಂತೆ ಗುಡ್ಡದ ಮೇಲಿನ ಒಂದು ಮನೆ ಒಂಟಿಯಾಗುವ ಕಥೆ ಅದು. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತೆಂಬುದನ್ನು ಅವಳು ಶಾಲೆಯಲ್ಲಿಯೇ ಕಲಿತು ಒಂದು ಅಂಕವನ್ನೂ ಪಡೆದಿದ್ದಳು. ಆದರೆ ಪುಸ್ತಕ ಮುಚ್ಚಿದ ಮರುದಿನ ಅವಳು ತನ್ನ ಅಜ್ಜಿಯ ಬಳಿ ಹೋಗಿ, ‘ನೀರು ಬಂದಾಗ ನಿಮ್ಮ ಮನೆಯ ಕೊಟ್ಟಿಗೆಯಲ್ಲಿದ್ದ ದನಗಳನ್ನು ಏನು ಮಾಡಿದಿರಿ?’ ಎಂದು ಕೇಳಿದಳಂತೆ. ಮುಳುಗಡೆಯಿಂದ ಎದ್ದುಬಂದ ಆ ಅಜ್ಜಿಯನ್ನು ಅದುವರೆಗೆ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

ಇಷ್ಟನ್ನು ಹೇಳಿದ ಮೇಲೆ ಸಂಬಂಧಪಟ್ಟವರಲ್ಲಿ ಕೆಲವು ಮನವಿಗಳಿವೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಮನೆ ಕಂದಾಯದ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿ ಈಗ ಅರಿವು ಕೇಂದ್ರಗಳಾಗಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವೂ ಸಿಕ್ಕಿದೆ. ಇದೆಲ್ಲ ನಿಜಕ್ಕೂ ಒಳ್ಳೆಯ ಕೆಲಸ. ಆದರೆ ನಾನು ಕಂಡ ಕೇಂದ್ರಗಳಲ್ಲಿ ಕಣ್ಣಿಗೆ ಬೀಳುವ ಕಪಾಟುಗಳೆಲ್ಲ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಂದ ತುಂಬಿದ್ದು, ಕಾದಂಬರಿಗಳು ಮೂಲೆಯ ಕೆಳಗಿನ ಸಾಲಿಗೆ ಸರಿದಿವೆ. ಉದ್ಯೋಗ ಹುಡುಕುವ ಯುವಕರಿಗೆ ಆ ಪುಸ್ತಕಗಳು ಬೇಕೇ ಬೇಕು; ಅವುಗಳ ಪಕ್ಕದಲ್ಲಿ, ಮಗುವಿನ ಕೈಗೆ ಎಟುಕುವ ಎತ್ತರದಲ್ಲಿ, ಕಥೆಗಳಿಗೂ ಒಂದು ಜಾಗವಿರಲಿ.

ಶಾಲೆಗಳ ಸ್ಥಿತಿ ಇನ್ನೂ ಕಷ್ಟದ್ದು. ಪುಸ್ತಕ ಕಳೆದರೆ ದಾಸ್ತಾನಿನ ಲೆಕ್ಕಕ್ಕೆ ತಾವೇ ಉತ್ತರ ಕೊಡಬೇಕೆಂಬ ಭಯದಿಂದ ಅನೇಕ ಶಿಕ್ಷಕರು ಬೀರುವಿಗೆ ಬೀಗ ಹಾಕಿಡುತ್ತಾರೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಭಯದ ಪರಿಚಯ ಚೆನ್ನಾಗಿದೆ. ಆದರೆ ಬೀಗ ಹಾಕಿದ ಬೀರುವಿನಲ್ಲಿ ಮಲೆನಾಡಿನ ಪುಸ್ತಕ ಉಳಿಯುವುದೂ ಇಲ್ಲ: ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು ಹಾಳೆಗಳು ಅಂಟಿಕೊಳ್ಳುತ್ತವೆ, ಉಳಿದದ್ದನ್ನು ಒರಲೆ ತಿನ್ನುತ್ತದೆ. ಮಕ್ಕಳು ಓದಿ ಹರಿದ ಪುಸ್ತಕಗಳನ್ನು ವರ್ಷಕ್ಕೆ ಇಂತಿಷ್ಟು ಎಂದು ಲೆಕ್ಕದಿಂದ ಕೈಬಿಡಲು ಮುಖ್ಯ ಶಿಕ್ಷಕರಿಗೆ ಅಧಿಕಾರ ಕೊಟ್ಟರೆ ಈ ಬೀಗ ತಾನಾಗಿ ತೆರೆಯುತ್ತದೆ. ಓದಿದ ಕಥೆಯ ಸಾರಾಂಶ ಬರೆದು ತರಬೇಕೆಂಬ ನಿಯಮವನ್ನೂ ದಯವಿಟ್ಟು ಬಿಡಬೇಕು. ಸಾರಾಂಶ ಬರೆಯುವ ಹೆದರಿಕೆಗೆ ತೆಳ್ಳಗಿನ ಪುಸ್ತಕವನ್ನೇ ಹುಡುಕಿ ಒಯ್ಯುವ ಮಕ್ಕಳನ್ನು ನಾನು ಪ್ರತಿ ವರ್ಷವೂ ನೋಡಿದ್ದೇನೆ.

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಜಿಲ್ಲಾಧಿಕಾರಿಗಳು ಮಳೆ ರಜೆ ಘೋಷಿಸುವುದು ವರ್ಷವೂ ಇದ್ದದ್ದೇ. ಮರ ಬಿದ್ದು ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಸಿಗುವುದಿಲ್ಲ, ಮಕ್ಕಳು ಇಡೀ ದಿನ ಮನೆಯೊಳಗೆ ಕೂರಬೇಕಾಗುತ್ತದೆ. ಪ್ರತಿ ಮಗುವಿಗೂ ತಾನೇ ಆರಿಸಿಕೊಂಡ ಎರಡು ಮೂರು ಕಥೆ ಪುಸ್ತಕಗಳನ್ನು, ಒದ್ದೆಯಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮನೆಗೆ ಕಳುಹಿಸಲು ಶಿಕ್ಷಣ ಇಲಾಖೆಯೂ ಪಂಚಾಯಿತಿಗಳೂ ವ್ಯವಸ್ಥೆ ಮಾಡಬೇಕೆಂದು ಕೋರುತ್ತೇನೆ. ಪುಷ್ಯ, ಆಶ್ಲೇಷ ಮಳೆಗಳು ಇನ್ನೂ ಬಾಕಿ ಇರುವುದರಿಂದ ಮುಂದಿನ ವರ್ಷದವರೆಗೆ ಕಾಯದೆ ಈಗಲೇ ಇದನ್ನು ಆರಂಭಿಸಬಹುದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ